ಹೊರಡುವ ಮುಂಚೆ ಆಲ್ಟರ್ನೇಟರ್

ಪುಟ್ಟಿಯ ಅಮ್ಮನಿಗೆ,

ಫೋನಿನಲ್ಲಿ ಹೇಳಿದರೆ ಜಗಳವಾಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಶನಿವಾರ ನೀನು ಪುಟ್ಟಿಯನ್ನು ಕರೆದುಕೊಂಡು ಹೊಸ ಊರಿಗೆ ಹೊರಡುವ ಮುಂಚೆ ಕಾರಿನ ಆಲ್ಟರ್ನೇಟರ್ ಬದಲಿಸಲೇಬೇಕು. ಮೊನ್ನೆ ಅವಳನ್ನು ನನ್ನ ಮನೆಗೆ ಬಿಡಲು ಬಂದಾಗ, ನೀನು ಹಾರನ್ ಒತ್ತಿದರೆ ದೀಪ ಮಂಕಾಗುತ್ತಿತ್ತು. ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಹಾಕಿಸಿದ್ದೀಯ. ತಪ್ಪು ಬ್ಯಾಟರಿಯದಲ್ಲ, ಅದಕ್ಕೆ ಚಾರ್ಜ್ ಕೊಡುವ ಆಲ್ಟರ್ನೇಟರಿನದು. ಅದು ಹತ್ತು ವರ್ಷ ಬಾಳಿದರೆ ಹೆಚ್ಚು. ನಿನ್ನದಕ್ಕೆ ಹನ್ನೊಂದಾಯಿತು. ಮದುವೆಯಾದ ವರ್ಷ ನಾನೇ ಹಾಕಿದ್ದು. ಇನ್ನು ಆರುನೂರು ಕಿಲೋಮೀಟರ್ ತಾಳುತ್ತದೆಂದು ನಂಬಲಾರೆ.

"ಕಾರಿನ ವಿಷಯಕ್ಕಾದ್ರೆ ಮಾತ್ರ ಬಾಯಿ ಬಿಡ್ತೀರಿ" ಎಂದು ನೀನು ಅನ್ನುತ್ತಿದ್ದೆ. ಇರಲಿ.

ಪುಟ್ಟಿ ಆಗಲೇ ಚೀಲ ತುಂಬಿ ಬಾಗಿಲ ಬಳಿ ಇಟ್ಟಿದ್ದಾಳೆ. ಎರಡು ಸಲ ಒಳಗಿಟ್ಟೆ. "ಅಪ್ಪಾ, ಮುಟ್ಬೇಡ ಅಂದ್ನಲ್ಲ" ಎಂದು ಗದರಿ ಮತ್ತೆ ಅಲ್ಲಿಗೇ ಎಳೆದಳು. ನನಗೆ ಯಾವ ಕೆಲಸಕ್ಕೂ ಕೈ ಏಳುತ್ತಿಲ್ಲ.

ಹೊಸ ಆಲ್ಟರ್ನೇಟರ್ ತಂದಿಟ್ಟಿದ್ದೇನೆ. ಶನಿವಾರ ಬೆಳಿಗ್ಗೆ ಕಾರು ನನ್ನ ಗ್ಯಾರೇಜಿನಲ್ಲಿ ಬಿಡು, ಭಾನುವಾರ ಹೊರಡಿ. ಕೆಲಸ ಎರಡು ಗಂಟೆಯದು. ಆದರೆ ಇಡೀ ದಿನ ಬೇಕೆಂದು ಪುಟ್ಟಿಗೆ ಹೇಳಿದ್ದೇನೆ. ಕೇಳಿದರೆ ನೀನೂ ಹಾಗೇ ಹೇಳು.

ಇಂತಿ,
ಪುಟ್ಟಿಯ ಅಪ್ಪ