ಸದ್ದು ಮಾಡದ ಟೈರು

ಅಕ್ಕಾ,

ಅಪ್ಪನ ದುಬಾರಿ ಕಾರಿಗೆ ಕೊನೆಗೂ ಹೊಸ ಟೈರ್ ಹಾಕಿಸಿದೆ. ಅಂಗಡಿಯವನು, "ಬಾಳಿಕೆ ಬೇಕಾ, ಮೆತ್ತಗಿರೋದು ಬೇಕಾ? ಎರಡೂ ಒಂದರಲ್ಲೇ ಸಿಗಲ್ಲ" ಅಂದ. ಅಪ್ಪನ ಬೆನ್ನಿನ ಆಪರೇಷನ್ ನೆನೆದು, ಮೆತ್ತಗಿರುವ, ಸದ್ದು ಮಾಡದ ಟೈರನ್ನೇ ಆರಿಸಿದೆ. ಬೇಗ ಸವೆಯುತ್ತದಂತೆ. ಸವೆಯಲಿ ಬಿಡು.

ನಾನು ಗಂಡನ ಮನೆ ಬಿಟ್ಟು ಬಂದಾಗಿನಿಂದ ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುವವಳು ನಾನೇ. ಒಂದು ದಿನವೂ ಹಿಂದಿನ ಸೀಟಿನಿಂದ ಮಾತು ಬಂದಿರಲಿಲ್ಲ. ನಾನು ಏನು ಕೇಳಿದರೂ ಹಳೇ ಟೈರಿನ ಮೊರೆತವೇ ಉತ್ತರ. ನನ್ನ ಮೇಲೆ ಮುನಿಸು ಅಂದುಕೊಂಡು ಒಳಗೊಳಗೇ ಬೇಯುತ್ತಿದ್ದೆ.

ಇವತ್ತು ಕಾರು ಬೆಣ್ಣೆಯ ಮೇಲೆ ಜಾರಿದ ಹಾಗೆ ಹೋಯಿತು. ಆ ನಿಶ್ಶಬ್ದ ತಡೆಯಲಾಗದೆ ಕೇಳಿಯೇಬಿಟ್ಟೆ: "ಅಪ್ಪಾ, ನಾನು ಬಂದಿದ್ದು ನಿಮಗೆ ಬೇಜಾರಾ?"

"ನೀನು ಬಂದಿದ್ದಕ್ಕಲ್ಲಮ್ಮಾ. ನಾನೇ ಬಂದು ಕರ್ಕೊಂಡು ಬರಬೇಕಿತ್ತು. ಬರಲಿಲ್ವಲ್ಲ, ಅದಕ್ಕೆ."

ಕಾರು ಪಕ್ಕಕ್ಕೆ ನಿಲ್ಲಿಸಿದೆ. ಹಿಂದಿರುಗಿ ನೋಡುವ ಧೈರ್ಯ ಬರಲಿಲ್ಲ. ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಭಾನುವಾರ ಹೇಗಾದರೂ ಬಾ. ಕಾರು ನೀನು ಓಡಿಸು. ನಾನು ಹಿಂದೆ, ಅಪ್ಪನ ಪಕ್ಕದಲ್ಲಿ ಕೂರಬೇಕು.

ನಿನ್ನ ದಾರಿ ಕಾಯುತ್ತಿರುವ
ತಂಗಿ