ದೇವರ ದನಗಳ ನಿಜಕಥೆಗೆ ಬಂದ ಮೊದಲ ಬಹುಮಾನ

ಸತ್ಯಕಥನ ಸ್ಪರ್ಧಾ ಸಮಿತಿಯ ಅಧ್ಯಕ್ಷರೂ, ಸರ್ಕಾರಿ ಹುಲ್ಲುಗಾವಲಿಗೆ ನುಗ್ಗಿದ ದನ ಹಿಡಿಸುವ ಅಧಿಕಾರಿಗಳೂ ಒಬ್ಬರೇ ಆಗಿರುವ ಮಾನ್ಯರೇ,

ನನ್ನ ಬರಹಕ್ಕೆ ತಾವು ಮೊದಲ ಬಹುಮಾನ ಕೊಟ್ಟಿದ್ದೀರಿ. ಅದೇ ಬರಹವನ್ನು ಕೈಯಲ್ಲಿ ಹಿಡಿದು ನಲವತ್ತಮೂರು ದೇವರ ದನಗಳನ್ನು ಚಳ್ಳಕೆರೆಯ ದೊಡ್ಡಿಗೆ ಹೊಡೆಸಿದ್ದೀರಿ. ಬರುವ ಗುರುವಾರ ಬೆಳಿಗ್ಗೆ ಆ ದನಗಳ ಹರಾಜು, ಸಂಜೆ ನನಗೆ ಶಾಲು. ಎರಡೂ ಕಾಗದಗಳಿಗೆ ರುಜು ಹಾಕಿದ ಕೈ ಒಂದೇ. ಇದೆಲ್ಲ ಆಕಸ್ಮಿಕವೆಂದು ತಮ್ಮ ಗುಮಾಸ್ತರು ನನಗೆ ತಿಳಿಹೇಳಿದರು. ನಂಬಲು ನನಗೂ ಆಸೆಯಿದೆ, ಬುದ್ಧಿ ಒಪ್ಪುತ್ತಿಲ್ಲ. ಖುದ್ದಾಗಿ ಕೊಟ್ಟ ಎರಡು ಅರ್ಜಿಗಳಿಗೆ ಉತ್ತರ ಬಾರದ ಕಾರಣ ಈ ಮೂರನೆಯದನ್ನು ಪತ್ರಿಕೆಯವರಿಗೆ ಕೊಟ್ಟಿದ್ದೇನೆ.

ತಮ್ಮ ಕರಪತ್ರ ಸಿದ್ದಾಪುರದ ನನ್ನ ಶಾಲೆಯ ಬಾಗಿಲಿಗೆ ಬಂದು ಅಂಟಿಕೊಂಡದ್ದು ಕಾರ್ತೀಕದಲ್ಲಿ. "ಪುರಾಣ ಬೇಡ, ಕಟ್ಟುಕತೆ ಬೇಡ. ಕಣ್ಣಾರೆ ಕಂಡದ್ದನ್ನು ಕಥೆಯ ಸೊಗಸಿನಲ್ಲಿ ಬರೆದು ಕಳುಹಿಸಿರಿ" ಎಂದಿತ್ತು. ಗೆದ್ದವರಿಗೆ ಮೊಳಕಾಲ್ಮೂರಿನ ರೇಷ್ಮೆ ಶಾಲು, ಚಳ್ಳಕೆರೆಯಲ್ಲಿ ಸಭೆ ಸೇರಿಸಿ ಓದಿಸುವ ಅವಕಾಶ, ಅಚ್ಚಿನಲ್ಲಿ ಹೆಸರು. ಹನ್ನೆರಡು ವರ್ಷದಿಂದ ಮಕ್ಕಳ ಸ್ಲೇಟಿನ ಮೇಲಲ್ಲದೆ ಬೇರೆಲ್ಲೂ ನನ್ನ ಅಕ್ಷರ ನಿಂತದ್ದಿಲ್ಲ. ನಿಜ ಸಂಗತಿ ಬರೆಯುವವನನ್ನು ಕರೆದು ಮಣೆ ಹಾಕುತ್ತಾರೆಂದರೆ ನನ್ನಂಥವನು ಹಿಗ್ಗದೆ ಇರುತ್ತಾನೆಯೇ? ಆ ಹಿಗ್ಗಿನಲ್ಲಿ ಕೆಳಗಿನ ಸಣ್ಣ ಅಕ್ಷರದ ನಿಬಂಧನೆಯನ್ನು ಓದಿಯೂ ಓದದಂತೆ ಬಿಟ್ಟೆ. ವ್ಯಕ್ತಿಗಳ ನಿಜನಾಮ, ಸ್ಥಳ, ದಿಕ್ಕು, ದಾರಿಯ ಗುರುತು, ಹೊತ್ತು ಇವೆಲ್ಲ ಸ್ಪಷ್ಟವಾಗಿರತಕ್ಕದ್ದು, ಇಲ್ಲದ ಬರಹ ತಿರಸ್ಕೃತ. ಸಾಹಿತ್ಯದ ಸೊಗಸಿಗೆ ದಿಕ್ಕು ಯಾಕೆ ಬೇಕು ಸ್ವಾಮಿ? ಕಥೆ ಓದಿ ಕಣ್ಣೊರೆಸಿಕೊಳ್ಳುವವನಿಗೆ ಹುಣಸೆಮರದಿಂದ ಎಡಕ್ಕೋ ಬಲಕ್ಕೋ ಎಂಬುದು ಯಾಕೆ ಬೇಕು? ಈ ಪ್ರಶ್ನೆ ಆಗಲೇ ಹೊಳೆಯಬೇಕಿತ್ತು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡೆ.

ನಾನು ಬರೆದದ್ದು ದೊಡ್ಡಪಾಲಯ್ಯನ ಸಂಗತಿ. ಅವನು ಬ್ರಹ್ಮಗಿರಿಯ ತಪ್ಪಲಿನ ಹಟ್ಟಿಯ ಕಿಲಾರಿ, ಅಂದರೆ ದೇವರಿಗೆ ಬಿಟ್ಟ ದನಗಳನ್ನು ಕಾಯುವವನು. ತಾವು ದೂರದ ಊರಿನಿಂದ ಬಂದವರೆಂದು ಕೇಳಿದ್ದೇನೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಈ ದನಗಳ ಹೆಗಲಿಗೆ ನೊಗವಿಲ್ಲ, ಮೂಗಿಗೆ ದಾರವಿಲ್ಲ. ಇವನ್ನು ಮಾರುವಂತಿಲ್ಲ, ಸತ್ತರೆ ಮನುಷ್ಯರಿಗೆ ಮಾಡುವಂತೆಯೇ ಮಣ್ಣು ಮಾಡುತ್ತಾರೆ. ಮುಳ್ಳುಬೇಲಿಯ ರೊಪ್ಪದೊಳಕ್ಕೆ ಯಾರೂ ಮೆಟ್ಟು ಹಾಕಿಕೊಂಡು ಹೋಗುವುದಿಲ್ಲ. ನಾನು ಮೂರು ದಿನ ಬರಿಗಾಲಿನಲ್ಲಿ ಅವನ ಹಿಂದೆ ಅಲೆದೆ. ಅವನ ಹೆಂಡತಿ ಯರ್ರಮ್ಮ ನನ್ನ ಕಾಲಿನ ಮುಳ್ಳು ತೆಗೆದು, ಮುದ್ದೆ ಬಡಿಸಿ, ಮೇಷ್ಟ್ರಿಗೆ ಯಾಕೆ ಈ ಉಸಾಬರಿ ಎಂದು ತೆಲುಗಿನಲ್ಲಿ ಕೇಳಿ ನಕ್ಕಿದ್ದಳು. ಮಳೆ ಹೋಗಿ ಕೆರೆ ಒಣಗಿದಾಗಲೆಲ್ಲ ಅವನು ದನಗಳನ್ನು ಸರ್ಕಾರಿ ಕಾವಲಿನೊಳಗಿನ ಒಂದು ಸೆಲೆಗೆ ಹೊಡೆದುಕೊಂಡು ಹೋಗುತ್ತಾನೆ. ಅಲ್ಲಿ ಗಡಿಕಲ್ಲು ನೆಡುವ ಮೊದಲಿನಿಂದಲೂ ಅವರ ದನ ಕುಡಿಯುತ್ತ ಬಂದ ನೀರು ಅದು. ಆ ಜಾಗ ನನಗೆ ತೋರಿಸಿದ್ದು ನನ್ನ ಮೇಲಿನ ನಂಬಿಕೆಯಿಂದ. ನಾನು ಅದನ್ನು ಮೂರು ಕವಲಿನ ಹುಣಸೆಮರ, ಅಲ್ಲಿಂದ ಬಲಕ್ಕೆ ತಿರುಗಿದರೆ ಸೀಳುಬಂಡೆ, ಎಲ್ಲವನ್ನೂ ಸೇರಿಸಿ ಚಿತ್ರ ಬಿಡಿಸಿದಂತೆ ಬರೆದೆ. ಕೊನೆಕೊನೆಗೆ ಒಂದು ವಾಕ್ಯ ಹೊಳೆಯಿತು: "ಈ ದನಗಳಿಗೆ ಮನುಷ್ಯರಲ್ಲಿ ಒಡೆಯನಿಲ್ಲ." ಎಷ್ಟು ಸೊಗಸಾಗಿದೆಯೆಂದು ಮನೆಯಾಕೆಗೆ ಎರಡು ಸಲ ಓದಿ ಹೇಳಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಬರಹ ತಲುಪಿದ ಹನ್ನೊಂದನೆಯ ದಿನ ಕಾವಲಿನ ಗಾರ್ಡುಗಳು ನಾಲ್ಕು ಜನ ಬಂದರು. ಹಿಂದೆ ಎಷ್ಟೋ ಸಲ ಬಂದು ದಾರಿ ಸಿಗದೆ ಮಜ್ಜಿಗೆ ಕುಡಿದು ಹೋದವರೇ. ಈ ಸಲ ನನ್ನ ಶಾಲೆಯ ಮುಂದೆಯೇ ನಿಂತು, ಮೂರು ಕವಲಿನ ಹುಣಸೆಮರ ಯಾವ ಕಡೆ ಎಂದು ಕೇಳಿದರು. ನಮ್ಮೂರಲ್ಲಿ ಆ ಮರವನ್ನು ಯಾರೂ ಹಾಗೆ ಕರೆಯುವುದಿಲ್ಲ. ಅದಕ್ಕೆ ಮೂರು ಕವಲು ಎಣಿಸಿದವನು ನಾನೊಬ್ಬನೇ, ಅದು ಇದ್ದದ್ದು ತಮಗೆ ಕಳುಹಿಸಿದ ಕಾಗದದಲ್ಲಿ ಮಾತ್ರ. ಅಂದೇ ಸಂಜೆ ಸೆಲೆಯ ಬಳಿ ದನಗಳನ್ನು ಸುತ್ತುಗಟ್ಟಿ ಹಿಡಿದರು. ಇನ್ನು ಮೊಳಕಾಲ್ಮೂರಿನ ದೊಡ್ಡಿ ಹತ್ತಿರವಿರುವಾಗ ದನಗಳನ್ನು ಎರಡು ದಿನ ನಡೆಸಿ ಚಳ್ಳಕೆರೆಗೇ ಯಾಕೆ ಒಯ್ದರು? ಮೊಳಕಾಲ್ಮೂರಿನಲ್ಲಿ ದೇವರ ದನವೆಂದರೆ ಯಾರೂ ಸವಾಲು ಕೂಗುವುದಿಲ್ಲ, ಚಳ್ಳಕೆರೆಯ ಸಂತೆಯಲ್ಲಿ ಗುರುತಿಲ್ಲದ ಗಿರಾಕಿಗಳು ಸಿಗುತ್ತಾರೆ ಎಂದು ಯಾರಿಗೋ ಗೊತ್ತಿತ್ತು ಎಂದೇ ನನ್ನ ಗುಮಾನಿ.

ದಂಡ ಕಟ್ಟಿ ಬಿಡಿಸಿಕೊಳ್ಳಲು ಹಟ್ಟಿಯವರು ತಯಾರಾಗಿಯೇ ಬಂದಿದ್ದರು. ದೊಡ್ಡಿಯ ಗುಮಾಸ್ತರು ಒಡೆಯನ ಹೆಬ್ಬೆಟ್ಟು ಕೇಳಿದರು. ದೊಡ್ಡಪಾಲಯ್ಯ ಕೈ ಹಿಂದಕ್ಕೆ ಕಟ್ಟಿಕೊಂಡ. ನನ್ನವೇ ಎಂದು ಒಂದು ಮಾತು ಹೇಳು, ಮುಗಿದುಹೋಗುತ್ತದೆ ಎಂದು ನಾನೂ ಅವನ ಕಿವಿಯಲ್ಲಿ ಹೇಳಿದೆ. ಅವನು ನನ್ನ ಮುಖ ನೋಡಿದ. "ದೇವ್ರುದನ್ನ ನಂದು ಅಂದ್ರೆ ನಾಲ್ಗೆ ಸೇದೋಗ್ತೈತೆ ಮೇಷ್ಟ್ರೇ. ನಾನು ಕಾಯೋನು. ಬೇಕಾದ್ರೆ ನನ್ನೇ ಒಳಾಕ್ ಕೂಡಾಕ್ಲಿ" ಎಂದ. ಮಾರನೆಯ ದಿನ ತಮ್ಮ ಹುಕುಂ ಬಂತು. ಸಮಿತಿಯ ಬಹುಮಾನಿತ ಲೇಖಕರೇ ಪ್ರಮಾಣೀಕರಿಸಿರುವಂತೆ ಈ ದನಗಳಿಗೆ ಒಡೆಯನಿಲ್ಲವಾದ್ದರಿಂದ ಇವು ವಾರಸುದಾರರಿಲ್ಲದ ದನಗಳು, ಹರಾಜಿಗೆ ಅರ್ಹ, ಎಂದು ಬರೆದಿತ್ತು. ನನ್ನ ವಾಕ್ಯವನ್ನು ಅಕ್ಷರವೂ ಬಿಡದೆ ಇಳಿಸಿಕೊಂಡಿದ್ದೀರಿ. ಒಬ್ಬ ಲೇಖಕನಿಗೆ ಇದಕ್ಕಿಂತ ಒಳ್ಳೆಯ ಓದುಗ ಸಿಗುವುದುಂಟೇ?

ಆ ದಿನದಿಂದ ದೊಡ್ಡಪಾಲಯ್ಯ ದೊಡ್ಡಿಯ ಗೋಡೆಗೆ ಒರಗಿ ಕೂತಿದ್ದಾನೆ. ದನಗಳನ್ನು ಬಿಟ್ಟು ಕಿಲಾರಿ ಸೂರಿನಡಿ ಮಲಗುವಂತಿಲ್ಲ. ಕಟ್ಟಿ ಹಾಕಿದರೆ ಮೇವು ಮುಟ್ಟದ ದನಗಳು ಅವು, ಪಕ್ಕೆಲುಬು ಎಣಿಸಬಹುದು. ಮೊನ್ನೆ ಒಂದು ಹಸು ಅಲ್ಲಿಯೇ ಈಯಿತು. ಕರುವನ್ನು ಮುಟ್ಟಲು ಒಳಗೆ ಬಿಡಲಿಲ್ಲವೆಂದು ಯರ್ರಮ್ಮ ಕಂಬಿಯ ಸಂದಿನಿಂದ ಕೈ ತೂರಿಸಿಕೊಂಡು ನಿಂತಿದ್ದಳು. ನಾನು ಹೋಗಿ ಏನೋ ಸಮಾಧಾನ ಹೇಳಹೊರಟೆ. ಅವಳು ತಿರುಗಿಯೂ ನೋಡದೆ, "ಬರ್ದೋನು ನೀನು, ಓದ್ದೋರು ಅವ್ರು. ಉಪಾಸ ಬಿದ್ದಿರೋದು ಇವು" ಎಂದಳು. ಮೊದಲು ನೀವು ಎನ್ನುತ್ತಿದ್ದವಳು. ನಮ್ಮೂರ ಬಂಡೆಯ ಮೇಲೆ ಎಂದೋ ಯಾರೋ ಕೆತ್ತಿದ ಅಕ್ಷರಗಳಿವೆ, ಅದನ್ನು ನೋಡಲು ದೊರೆಗಳು ಸಾರೋಟಿನಲ್ಲಿ ಬರುತ್ತಾರೆ. ಆ ಬರಹದಿಂದ ಯಾರ ದನವೂ ದೊಡ್ಡಿಗೆ ಹೋದದ್ದನ್ನು ನಾನು ಕೇಳಿಲ್ಲ. ನನ್ನ ಎಂಟು ಪುಟಕ್ಕೆ ಆ ಕೀರ್ತಿ ಬಂತು.

ಇಷ್ಟಾದ ಮೇಲೆ ತಮ್ಮ ಅಭಿನಂದನಾ ಪತ್ರ ಬಂದಿದೆ. ನನ್ನ ಸತ್ಯನಿಷ್ಠೆಯನ್ನು ಕೊಂಡಾಡಿದ್ದೀರಿ. ಅದರ ಜೊತೆಗೆ ಮುಂದಿನ ವರ್ಷದ ಸ್ಪರ್ಧೆಯ ವಿಷಯವನ್ನೂ ತಿಳಿಸಿ, ಬರೆಯುವ ಹುರುಪಿರುವವರನ್ನು ಹುಡುಕಿ ಕೊಡಬೇಕೆಂದು ಕೇಳಿದ್ದೀರಿ. ವಿಷಯ: "ನನ್ನ ನೆರೆಯವನ ಕಣದಲ್ಲಿ ಕಂಡ ರಾಶಿ." ಆಹಾ. ಯಾರ ಹೊಲ, ಎಷ್ಟು ರಾಶಿ, ಯಾವ ಹಗೇವಿನಲ್ಲಿ ತುಂಬಿಟ್ಟರು, ಎಲ್ಲವನ್ನೂ ಕಥೆಯ ಸೊಗಸಿನಲ್ಲಿ ಬರೆದುಕೊಡಬೇಕು, ಅಲ್ಲವೇ? ಅದರ ಮಾರನೆಯ ವರ್ಷ ಏನು, ಹೆಂಡತಿಯ ಕೊರಳಿನ ಒಡವೆಯ ಮೇಲೆ ಪ್ರಬಂಧವೇ? ಈ ಎರಡು ತಾಲ್ಲೂಕುಗಳಲ್ಲಿ ಲೇಖನಿ ಹಿಡಿಯಬಲ್ಲ ಎಲ್ಲರಿಗೂ ಈ ಮೂಲಕ ಹೇಳುತ್ತೇನೆ: ಅವಕಾಶ ಬಂದಿದೆಯೆಂದು ಹಿಗ್ಗುವ ಮುಂಚೆ, ಬರೆದದ್ದನ್ನು ಮೊದಲು ಓದುವವರು ಯಾರೆಂದು ವಿಚಾರಿಸಿಕೊಳ್ಳಿ.

ತಮ್ಮಲ್ಲಿ ನನ್ನ ಒತ್ತಾಯ ಒಂದೇ. ತಾವು ಹುಕುಮಿನಲ್ಲಿ ಇಳಿಸಿಕೊಂಡ ವಾಕ್ಯದ ಬೆನ್ನಿಗೇ ನಾನು ಇನ್ನೊಂದು ಬರೆದಿದ್ದೆ: "ಇವುಗಳ ಒಡೆಯ ದೇವರು, ದೇವರ ಪರವಾಗಿ ಕಾಯುವವನು ದೊಡ್ಡಪಾಲಯ್ಯ, ಅವನ ಹಿಂದೆ ಅವನ ಏಳು ತಲೆಮಾರು." ತಮ್ಮ ಕತ್ತರಿ ಸರಿಯಾಗಿ ಅದಕ್ಕೆ ಮುಂಚೆಯೇ ಬಿದ್ದದ್ದು ಹೇಗೆ? ನನ್ನ ಬರಹ ನಿಜವೆಂದು ತಾವೇ ತೀರ್ಪು ಕೊಟ್ಟಿದ್ದೀರಿ. ನಿಜವಾದರೆ ಎರಡು ವಾಕ್ಯವೂ ನಿಜ, ದನಗಳನ್ನು ಕಾಯುವವನ ಹೆಬ್ಬೆಟ್ಟಿನ ಮೇಲೆ ಬಿಟ್ಟುಕೊಡಿ. ಸುಳ್ಳೆನ್ನುವುದಾದರೆ ಹುಕುಮಿನ ಆಧಾರವೇ ಬಿದ್ದುಹೋಯಿತು, ಆಗಲೂ ಬಿಟ್ಟುಕೊಡಿ. ಹರಾಜು ಮಾತ್ರ ನಡೆಯಕೂಡದು.

ಗುರುವಾರ ನಾನು ಚಳ್ಳಕೆರೆಗೆ ಬರುತ್ತೇನೆ. ಸಂಜೆಯ ಸಭೆಗಲ್ಲ. ಬೆಳಿಗ್ಗೆಯೇ ಬಂದು ದೊಡ್ಡಿಯ ಬಾಗಿಲಲ್ಲಿ ದೊಡ್ಡಪಾಲಯ್ಯನ ಪಕ್ಕ ಕೂರುತ್ತೇನೆ, ಅವನು ಕೂರಗೊಟ್ಟರೆ.

ಇಂತಿ,
ಕಂಡದ್ದನ್ನು ಕಾಣದವನಂತೆ ಇರಲು ತಡವಾಗಿ ಕಲಿಯುತ್ತಿರುವ
ಉಪಾಧ್ಯಾಯ ತಿಪ್ಪಯ್ಯ,
ಸಿದ್ದಾಪುರ, ಮಾಘ ಬಹುಳ, ೧೯೧೪