ನಾವಿಬ್ಬರು ಓದಿದ ಹೊಸ ಪುಸ್ತಕ

ಪುಸ್ತಕದ ಬಸ್ಸಿನ ತಿಲೆನ್ ಅವರಿಗೆ, ಬಸ್ಸು ನಿಲ್ಲುವ ಜಾಗದ ಎದುರು ಮನೆಯ ಪಾವ್ಲಾ ಅಜ್ಜಿಯ ನಮಸ್ಕಾರ.

ಗುರುವಾರ ನನ್ನ ಮೊಮ್ಮಗಳು ಆಯ್ದಾ ನಿಮ್ಮ ಬಸ್ಸಿನಿಂದ ಮುಖ ಊದಿಸಿಕೊಂಡು ಇಳಿದಳು. ಸ್ವಂತವಾಗಿ ಓದಿದವರಿಗಷ್ಟೇ ಓದಿನ ಬ್ಯಾಡ್ಜು ಎಂದಿರಂತೆ.

"ನಾವಿಬ್ರೂ ಓದಿದ್ವಿ ಅಂದ್ಬಿಟ್ಟೆ ಅಜ್ಜಿ."

"ನಾನು ಓದ್ದೆ ಅನ್ನೋಕೇನಾಗಿತ್ತೇ, ಪೆದ್ದಿ?"

"ಸುಳ್ಳಾಗ್ತಿತ್ತಲ್ಲಾ!"

ನಮ್ಮ ಸ್ಲೊವೇನಿಯನ್ ಭಾಷೆಯೂ ಚಾಡಿಕೋರ ಭಾಷೆ. ಬರೀ ‘ನಾವು’ ಎಂದು ಜಾರಿಕೊಳ್ಳುವಂತಿಲ್ಲ. ಇಬ್ಬರಿಗೆಂದೇ ಬೇರೆ ಮಾತು, ಅದೂ ಇಬ್ಬರೂ ಹೆಂಗಸರೆಂದು ತಿಳಿಯುವಂತೆ. ನಮ್ಮ ಮನೆಯಲ್ಲಿ ಇನ್ನೊಬ್ಬ ಹೆಂಗಸೆಂದರೆ ನಾನೇ.

ಅಜ್ಜಿ ಓದಿದಳು, ಹುಡುಗಿ ಕೇಳಿದಳು ಎಂದು ನೀವು ಅಂದುಕೊಂಡಿರಿ. ನಾನು ಕಲಿತಿದ್ದು ನಾಲ್ಕನೇ ಕ್ಲಾಸು ಸ್ವಾಮಿ, ಒಂದು ಪುಟಕ್ಕೆ ಒಂದು ಮಧ್ಯಾಹ್ನ ಬೇಕು. ಓದಿದವಳು ಅವಳು, ಅದೂ ಗಟ್ಟಿಯಾಗಿ. ನಾನು ಬೀನ್ಸ್ ಬಿಡಿಸುತ್ತಾ ಕೇಳಿದೆ, ಕಥೆಯ ಮಲತಾಯಿಯನ್ನು ಬೈದೆ, ಅಷ್ಟೇ. ಇದನ್ನೆಲ್ಲ ಅವಳೇ ಹೇಳುತ್ತಿದ್ದಳು. ಆದರೆ ನಿಮ್ಮೆದುರು ಅವಳ ತೊದಲು ಹೆಚ್ಚಾಗಿ ಮಾತು ಕಟ್ಟಿತು.

ಪುಸ್ತಕ ಕಂಡರೆ ಓಡುತ್ತಿದ್ದ ಹುಡುಗಿ, ನೀವು ತಂದ ಹೊಸ ಪುಸ್ತಕಗಳಲ್ಲಿ ಇದನ್ನು ತಾನೇ ಹುಡುಕಿ ತೆಗೆದಳು. "ಇದರಲ್ಲಿರೋಳೂ ನನ್ನ ಹಾಗೇ ತೊದಲ್ತಾಳಜ್ಜಿ!" ಎಂದು ಕುಣಿದಳು. ಕೊನೆಯ ಮೂರು ಅಧ್ಯಾಯವನ್ನು ಒಂದು ಸಲವೂ ತಡವರಿಸದೆ ಓದಿದಳು. ನಾನು ಗಮನಿಸಿದೆನೆಂದು ಅವಳಿಗೆ ಹೇಳಬೇಡಿ.

ಬರುವ ಗುರುವಾರ ಅವಳನ್ನು ಮತ್ತೆ ಕೇಳಿ. ಇಂಥದೇ ಇನ್ನೊಂದು ಹೊಸ ಪುಸ್ತಕವಿದ್ದರೆ ತನ್ನಿ. ಮಾತು ಸಿಕ್ಕಿಕೊಂಡರೆ ಸ್ವಲ್ಪ ಕಾಯಿರಿ. ಚಳಿಗಾಲದಲ್ಲೆಲ್ಲ ನಿಮ್ಮ ಬಸ್ಸು ತಡವಾಗಿ ಬಂದಾಗ ಹಿಮದಲ್ಲಿ ನಿಂತು ನಾವು ಕಾದಿಲ್ಲವೇ?

ಇಂತಿ,
ಅವಳ ಓದು ಕೇಳಿದವಳು,
ಪಾವ್ಲಾ